ಕೆಲಸ ಬಿಟ್ಟು ಸ್ಟಾರ್ಟಪ್ ಕಡೆಗೆ: ಪೇಪರ್ ಹಾಕುವ ಮುಂಚಿನ ಲೆಕ್ಕ, ಹಾಕಿದ ಮೇಲಿನ ಕೆಲಸ

ಬ್ಯಾಂಕು, ಕಾರ್ಖಾನೆ, ಕಾಲೇಜು, ಆಸ್ಪತ್ರೆಗಳಲ್ಲಿ ನಾಲ್ಕೈದು ವರ್ಷ ದುಡಿದವರು ಬೆಂಗಳೂರಿನ ಟೆಕ್ ಸ್ಟಾರ್ಟಪ್‌ಗಳತ್ತ ಹೊರಳಲು ಕೆಲಸ ಬಿಟ್ಟು ಕೂರುವುದು ಈಗ ಅಪರೂಪವೇನಲ್ಲ. ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ: ಮೊದಲು ಪೇಪರ್ ಹಾಕುತ್ತಾರೆ, ಯಾವ ಕೆಲಸ ಹುಡುಕಬೇಕೆಂದು ಆಮೇಲೆ ಯೋಚಿಸುತ್ತಾರೆ. ಸಂಬಳವಿಲ್ಲದ ತಿಂಗಳುಗಳು ದುಬಾರಿ. ಅವನ್ನು ಪೈಥಾನ್ ಎಂಬ ಕೋಡಿಂಗ್ ಭಾಷೆಯ ಮೊದಲ ಪಾಠಕ್ಕೆ ಸುರಿಯಬಾರದು. ಆ ಪಾಠ ಸಂಬಳ ಬರುತ್ತಿರುವಾಗಲೇ ರಾತ್ರಿ ಊಟವಾದ ಮೇಲೆ ಮುಗಿದಿರಬೇಕು. ಬಿಡುವಿನ ತಿಂಗಳುಗಳು ಏನನ್ನಾದರೂ ಮಾಡಿ ತೋರಿಸುವುದಕ್ಕೆ, ಜನರನ್ನು ಕಾಣುವುದಕ್ಕೆ, ಸಂದರ್ಶನಕ್ಕೆ ಮೀಸಲು. ಇಲ್ಲಿರುವುದು ಸ್ಟಾರ್ಟಪ್‌ನಲ್ಲಿ ನೌಕರಿ ಹುಡುಕುವವರ ದಾರಿ. ಸ್ವಂತ ಕಂಪನಿ ತೆರೆಯುವವರ ಲೆಕ್ಕ ಬೇರೆಯೇ.

ಹಳೇ ಕೆಲಸವನ್ನು ಬಿಸಾಡಬೇಡಿ

ಹೊಸದಾಗಿ ಕೋಡಿಂಗ್ ಕಲಿತ ಮೂವತ್ತು ವರ್ಷದವರು ಇಪ್ಪತ್ತೆರಡರ ಇಂಜಿನಿಯರಿಂಗ್ ಪದವೀಧರರ ಜೊತೆ ಬರೀ ಕೋಡಿಂಗ್‌ನಲ್ಲೇ ಸ್ಪರ್ಧೆಗಿಳಿದರೆ ಸೋಲುವ ಸಾಧ್ಯತೆಯೇ ಹೆಚ್ಚು. ನಿಮ್ಮ ಬಳಿ ಇದ್ದು ಅವರ ಬಳಿ ಇಲ್ಲದಿರುವುದು ಹಳೇ ಕ್ಷೇತ್ರದ ಅನುಭವ. ಬ್ಯಾಂಕಿನ ಸಾಲ ವಿಭಾಗದಲ್ಲಿದ್ದವರಿಗೆ ಕೆವೈಸಿಯಲ್ಲಿ ಯಾವ ದಾಖಲೆ ಯಾಕೆ ತಿರಸ್ಕೃತವಾಗುತ್ತದೆ, ಇಎಂಐ ಯಾವ ಕಾರಣಕ್ಕೆ ಬೌನ್ಸ್ ಆಗುತ್ತದೆ ಎನ್ನುವುದು ಗೊತ್ತು. ಸಾಲ ಕೊಡುವ ಫಿನ್‌ಟೆಕ್ ಕಂಪನಿಯ ರಿಸ್ಕ್ ಅಥವಾ ಆಪರೇಷನ್ಸ್ ತಂಡಕ್ಕೆ ಬೇಕಿರುವುದು ಇದೇ. ಕೃಷಿ ಪದವೀಧರರಿಗೆ ಅಗ್ರಿಟೆಕ್, ನರ್ಸಿಂಗ್ ಅಥವಾ ಲ್ಯಾಬ್ ಹಿನ್ನೆಲೆಯವರಿಗೆ ಹೆಲ್ತ್‌ಟೆಕ್, ಪೀಣ್ಯದ ಕಾರ್ಖಾನೆಯಲ್ಲಿ ಗುಣಮಟ್ಟ ನೋಡಿಕೊಂಡವರಿಗೆ ವಿದ್ಯುತ್ ವಾಹನ ತಯಾರಿಸುವ ಕಂಪನಿಗಳು ಹತ್ತಿರದ ಬಾಗಿಲು. ಶಿಕ್ಷಕರು ಎಡ್‌ಟೆಕ್ ಕಡೆ ನೋಡುವುದು ಸಹಜ, ಆದರೆ 2022ರಿಂದೀಚೆಗೆ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಕೆಲಸ ಕಡಿತವಾಗಿದೆ. ಪಾಠ ಹೇಳುವ ಕೌಶಲವನ್ನು ಬೇರೆ ಉತ್ಪನ್ನಗಳ ಗ್ರಾಹಕ ತರಬೇತಿ, ದಾಖಲೆ ಬರವಣಿಗೆಯ ಕೆಲಸಗಳಿಗೆ ತಿರುಗಿಸುವುದು ಹೆಚ್ಚು ಭದ್ರ.

ಕೆಲಸದ ಹೆಸರನ್ನು ಒಂದಕ್ಕೆ ಇಳಿಸಿ. ಡೇಟಾ ಅನಾಲಿಸ್ಟ್ (ಅಂಕಿಅಂಶ ವಿಶ್ಲೇಷಣೆ), ಕ್ಯೂಎ ಟೆಸ್ಟರ್ (ಸಾಫ್ಟ್‌ವೇರ್‌ನ ದೋಷ ಹುಡುಕುವುದು), ಕಸ್ಟಮರ್ ಸಕ್ಸಸ್ (ಉತ್ಪನ್ನ ಬಳಸಲು ಗ್ರಾಹಕರಿಗೆ ನೆರವಾಗುವುದು), ಇಂಪ್ಲಿಮೆಂಟೇಶನ್ (ಅದನ್ನು ಗ್ರಾಹಕರಲ್ಲಿ ಅಳವಡಿಸುವುದು), ಪ್ರಾಡಕ್ಟ್ ಆಪರೇಷನ್ಸ್ (ಉತ್ಪನ್ನದ ದಿನನಿತ್ಯದ ನಿರ್ವಹಣೆ) ಹೊರಗಿನಿಂದ ಬರುವವರಿಗೆ ಸಾಮಾನ್ಯವಾಗಿ ತೆರೆಯುವ ಬಾಗಿಲುಗಳು. ಉತ್ಪನ್ನದಲ್ಲಿ ಏನಿರಬೇಕೆಂದು ನಿರ್ಧರಿಸುವ ಪ್ರಾಡಕ್ಟ್ ಮ್ಯಾನೇಜರ್ ಆಗಿ ನೇರವಾಗಿ ಸೇರುವ ಆಸೆ ಬಹಳ ಜನಕ್ಕಿದೆ. ಅನುಭವವಿಲ್ಲದವರಿಗೆ ಆ ಕುರ್ಚಿ ಸಿಗುವುದು ಕಡಿಮೆ. ಆಪರೇಷನ್ಸ್‌ಗೆ ಸೇರಿ ಒಂದೆರಡು ವರ್ಷದಲ್ಲಿ ಒಳಗಿನಿಂದಲೇ ಅತ್ತ ಸರಿಯುವುದು ಸುಲಭ. ಆಯ್ಕೆ ಸರಿಯೋ ಎಂದು ಪರೀಕ್ಷಿಸಲು, ಆ ಹೆಸರಿನ 30 ಜಾಹೀರಾತು ತೆಗೆದು ಅವರು ಕೇಳುವ ಕೌಶಲಗಳನ್ನು ಒಂದು ಶೀಟ್‌ನಲ್ಲಿ ಎಣಿಸಿ. ಅರ್ಧಕ್ಕಿಂತ ಹೆಚ್ಚು ಕಡೆ ಬಂದದ್ದನ್ನು ಕಲಿಯಿರಿ, ಮೂರ್ನಾಲ್ಕು ಕಡೆ ಮಾತ್ರ ಬಂದದ್ದನ್ನು ಬಿಡಿ. ಯೂಟ್ಯೂಬ್ ತೋರಿಸುವ ಹತ್ತು ‘ರೋಡ್‌ಮ್ಯಾಪ್’ಗಳಿಗಿಂತ ಈ ಒಂದು ಶೀಟ್ ಮೇಲು.

ಹಣ

ಕುಟುಂಬವಿರುವ ಒಬ್ಬರು ಮೈಸೂರಿನಲ್ಲಿ ಇದ್ದಾರೆ ಎಂದುಕೊಳ್ಳಿ. ಬಾಡಿಗೆ 14,000, ದಿನಸಿ ಹಾಲು ತರಕಾರಿ 15,000, ಶಾಲೆ 6,000, ಕರೆಂಟು ಫೋನು ಪೆಟ್ರೋಲು 5,000, ಔಷಧ 2,000, ವಿಮೆ 3,000, ಒಟ್ಟು 45,000. ಸಾಲದ ಕಂತು 12,000 ಇದ್ದರೆ ತಿಂಗಳಿಗೆ 57,000. ಒಂಬತ್ತು ತಿಂಗಳಿಗೆ 5,13,000. ಆರು ತಿಂಗಳ ಲೆಕ್ಕ ಹಾಕಿದವರು ಐದನೇ ತಿಂಗಳಿಗೆ ಕಂಗಾಲಾಗಿ ಕೈಗೆ ಸಿಕ್ಕಿದ್ದನ್ನು ಒಪ್ಪಿಕೊಳ್ಳುತ್ತಾರೆ. ಸಂದರ್ಶನದ ಸುತ್ತುಗಳೇ ಒಂದೂವರೆ ತಿಂಗಳು ಎಳೆಯಬಹುದು, ಮೊದಲ ಸಂಬಳ ಕೈಸೇರಲು ಇನ್ನೊಂದು ತಿಂಗಳು. ಹಾಗಾಗಿ ಒಂಬತ್ತೇ ಇರಲಿ.

ಇದಕ್ಕೆ ಲ್ಯಾಪ್‌ಟಾಪ್, ಓಡಾಟ, ಪರೀಕ್ಷೆ ಶುಲ್ಕಕ್ಕೆ 60,000 ಸೇರಿಸಿ. ಬೆಂಗಳೂರಿಗೆ ಮನೆ ಬದಲಿಸುವ ಖರ್ಚನ್ನು ಬಹಳ ಜನ ಮರೆಯುತ್ತಾರೆ: 18,000 ಬಾಡಿಗೆಯ ಮನೆಗೆ ಐದು ತಿಂಗಳ ಅಡ್ವಾನ್ಸ್ 90,000, ಮೊದಲ ಬಾಡಿಗೆ 18,000, ಸಾಮಾನು ಸಾಗಣೆ 15,000, ಒಟ್ಟು 1,23,000. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಮನೆ ಮಾಲೀಕರು ಈಗಲೂ ಇದ್ದಾರೆ. ಆಸ್ಪತ್ರೆ, ಮದುವೆ, ಮುಂಜಿ ಅಂತ 1,00,000 ಬದಿಗಿಡಿ. ಒಟ್ಟು ಸುಮಾರು 8 ಲಕ್ಷ. ಇಷ್ಟಿಲ್ಲದಿದ್ದರೆ ಕೆಲಸ ಬಿಡುವುದನ್ನು ಮುಂದೂಡಿ, ಅಥವಾ ಕೆಲಸದಲ್ಲಿದ್ದೇ ಹುಡುಕಿ. ಒಂಟಿಯಾಗಿ ಬೆಂಗಳೂರಿನ ಪಿಜಿಯಲ್ಲಿರುವವರಿಗೆ ಇದರ ಅರ್ಧಕ್ಕಿಂತ ಕಡಿಮೆ ಸಾಕಾಗುತ್ತದೆ. ಎಚ್‌ಎಸ್‌ಆರ್, ಕೋರಮಂಗಲದ ಬಾಡಿಗೆ ಭಾರವೆನಿಸಿದರೆ ಬೊಮ್ಮನಹಳ್ಳಿ, ಕೂಡ್ಲು ಗೇಟ್, ಹೊಸ ರೋಡ್ ಕಡೆ ನೋಡಿ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಅಲ್ಲಿಂದ ಸಿಲ್ಕ್ ಬೋರ್ಡ್ ತಲುಪುವುದು ಮೊದಲಿನಷ್ಟು ಯಾತನೆಯಲ್ಲ.

ಪಿಎಫ್ ಹಣವನ್ನು ಈ 8 ಲಕ್ಷದೊಳಗೆ ಎಣಿಸಬೇಡಿ. ಐದು ವರ್ಷ ನಿರಂತರ ಸೇವೆ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ. ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆಯ ಲೆಕ್ಕವೂ, ಪಿಂಚಣಿ ಹಣ ಹಿಂಪಡೆದರೆ, ಮತ್ತೆ ಸೊನ್ನೆಯಿಂದ ಶುರು.

ಪೇಪರ್ ಹಾಕುವ ದಿನಾಂಕ

ಇದನ್ನು ಸಿಟ್ಟಿನ ದಿನ ನಿರ್ಧರಿಸುವವರೇ ಜಾಸ್ತಿ. ಕ್ಯಾಲೆಂಡರ್ ನೋಡಿ ನಿರ್ಧರಿಸಿದರೆ ಒಂದೆರಡು ಲಕ್ಷ ಉಳಿಯಬಹುದು.

ಮೊದಲನೆಯದು ಗ್ರಾಚ್ಯುಟಿ, ಅಂದರೆ ಸೇವೆಯ ವರ್ಷಗಳಿಗೆ ತಕ್ಕಂತೆ ಬಿಡುವಾಗ ಕಂಪನಿ ಕೊಡುವ ಇಡಿಗಂಟು. ಕಾಯಂ ನೌಕರರಿಗೆ ಐದು ವರ್ಷದ ನಿರಂತರ ಸೇವೆ ಬೇಕು. ಲೆಕ್ಕ ಸರಳ: ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಿ. ಮೂಲ ವೇತನ 40,000 ಇದ್ದು ಐದು ವರ್ಷ ತುಂಬಿದ್ದರೆ ಸುಮಾರು 1,15,000 ರೂಪಾಯಿ. ನಾಲ್ಕೂವರೆ ವರ್ಷಕ್ಕೇ ಹೊರಬೀಳುವುದು ಎರಡು ತಿಂಗಳ ಮನೆ ಖರ್ಚನ್ನು ಬಿಟ್ಟುಕೊಟ್ಟಂತೆ.

ಎರಡನೆಯದು ತೆರಿಗೆ ವರ್ಷ. 2025-26ರ ಹೊಸ ತೆರಿಗೆ ಪದ್ಧತಿಯಂತೆ ವರ್ಷದ ಸಂಬಳ 12.75 ಲಕ್ಷದೊಳಗಿದ್ದರೆ ತೆರಿಗೆ ಇಲ್ಲ. ತಿಂಗಳಿಗೆ 1,60,000 ಪಡೆಯುವವರು ಸೆಪ್ಟೆಂಬರ್ ಕೊನೆಗೆ ಬಿಟ್ಟು ಮಾರ್ಚ್‌ವರೆಗೆ ಬೇರೆ ಆದಾಯವಿಲ್ಲದೆ ಇದ್ದರೆ ಆ ವರ್ಷದ ಸಂಬಳ 9.6 ಲಕ್ಷ ಮಾತ್ರ. ಕಂಪನಿಯೋ ಇಡೀ ವರ್ಷದ 19.2 ಲಕ್ಷ ಎಂದು ಊಹಿಸಿ ತಿಂಗಳು ತಿಂಗಳೂ ಸಂಬಳದಿಂದ ಟಿಡಿಎಸ್ (ಮೂಲದಲ್ಲೇ ಕಡಿಯುವ ತೆರಿಗೆ) ಹಿಡಿದಿರುತ್ತದೆ, ಆರು ತಿಂಗಳಿಗೆ ಹತ್ತಿರ ಹತ್ತಿರ 88,000. ಕೊನೆಯ ಲೆಕ್ಕ ಚುಕ್ತಾ ಮಾಡುವಾಗ ಕಂಪನಿ ಸರಿಪಡಿಸದಿದ್ದರೆ ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯಬಹುದು. ಕೈಗೆ ಬರಲು ತಿಂಗಳುಗಳು ಬೇಕು, ಹಾಗಾಗಿ ಇದೂ ತುರ್ತು ಹಣವಲ್ಲ.

ಮೂರನೆಯದು ಬೋನಸ್ ಮತ್ತು ಬಾಂಡ್ (ಇಂತಿಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಕರಾರು). ಸೇರಿದಾಗ ಕೊಟ್ಟ ಬೋನಸ್ ಅನ್ನು ಇಂತಿಷ್ಟು ತಿಂಗಳೊಳಗೆ ಬಿಟ್ಟರೆ ಹಿಂದಿರುಗಿಸಬೇಕು ಎಂಬ ಷರತ್ತು ಆಫರ್ ಲೆಟರ್‌ನ ಮೂಲೆಯಲ್ಲೆಲ್ಲೋ ಇರುತ್ತದೆ. ಹುಡುಕಿ ಓದಿ.

ವಿಮೆಯ ವಿಷಯದಲ್ಲಿ ಒಂದೇ ಮಾತು: ಕಂಪನಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ. ಹೊಸ ಪಾಲಿಸಿಗೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಹಣ ಸಿಗುವುದಿಲ್ಲ, ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಆದ್ದರಿಂದ ನೋಟಿಸ್ ಅವಧಿ ಶುರುವಾದ ವಾರವೇ ಅದೇ ವಿಮಾ ಕಂಪನಿಯಲ್ಲಿ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಕೇಳಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲ. ಗಂಡ ಅಥವಾ ಹೆಂಡತಿಯ ಕಂಪನಿ ವಿಮೆಗೆ ನಿಮ್ಮ ಹೆಸರು ಸೇರಿಸಲು ಸಾಧ್ಯವಿದ್ದರೆ ಅದೂ ಆಗಲಿ.

ಸಂಬಳದ ಚೀಟಿ ತೋರಿಸಬೇಕಾದ ಕೆಲಸಗಳೆಲ್ಲ ಬಿಡುವ ಮುನ್ನವೇ ಮುಗಿಯಲಿ: ಬಾಡಿಗೆ ಕರಾರು, ಕ್ರೆಡಿಟ್ ಕಾರ್ಡ್, ವೀಸಾ ಅರ್ಜಿ. ಬೆಂಗಳೂರಿನಲ್ಲಿ ‘ಎಲ್ಲಿ ಕೆಲಸ?’ ಎಂಬ ಪ್ರಶ್ನೆಗೆ ಉತ್ತರವಿಲ್ಲದವರಿಗೆ ಮನೆ ಸಿಗುವುದು ಕಷ್ಟ. ಹೊರಬೀಳುವಾಗ ರಿಲೀವಿಂಗ್ ಲೆಟರ್, ಅನುಭವ ಪತ್ರ, ಕೊನೆಯ ಮೂರು ತಿಂಗಳ ಸಂಬಳ ಚೀಟಿ ಕೈಯಲ್ಲಿರಬೇಕು. ಸಂಬಳ ಮತ್ತು ತೆರಿಗೆ ಕಡಿತದ ಪ್ರಮಾಣಪತ್ರ (ಫಾರಂ 16) ಆಮೇಲೆ ಬರುತ್ತದೆ, ಅದಕ್ಕಾಗಿ ಸ್ವಂತ ಇಮೇಲ್ ವಿಳಾಸ ಕೊಟ್ಟು ಬನ್ನಿ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯೇ ನೋಡಿ. ಕಂಪನಿ ಮರೆತಿದ್ದರೆ, ಕೊನೆಯ ಕಂತು ಜಮೆಯಾಗಿ ಎರಡು ತಿಂಗಳಾದ ಮೇಲೆ ಪಿಎಫ್ ಸದಸ್ಯರ ಯುಎಎನ್ ಪೋರ್ಟಲ್‌ನಲ್ಲಿ ನೀವೇ ದಾಖಲಿಸಬಹುದು. ಇಲ್ಲದಿದ್ದರೆ ಹೊಸ ಕಂಪನಿಯ ಹಿನ್ನೆಲೆ ತಪಾಸಣೆಯಲ್ಲಿ ಒಂದೇ ಹೊತ್ತಿಗೆ ಎರಡು ಕಡೆ ಕೆಲಸ ಮಾಡಿದಂತೆ ಕಾಣುತ್ತದೆ.

ಸರ್ಕಾರಿ ಅಥವಾ ಸಾರ್ವಜನಿಕ ಬ್ಯಾಂಕ್ ನೌಕರರು ಸಂಬಳರಹಿತ ರಜೆ ಹಾಕಿ ಕಲಿಯಬಹುದು. ಆ ರಜೆಯಲ್ಲಿ ಬೇರೆಡೆ ಸಂಬಳಕ್ಕೆ ದುಡಿದರೆ ಶಿಸ್ತು ಕ್ರಮಕ್ಕೆ ದಾರಿ; ಮೊದಲು ಅನುಮತಿಯ ನಿಯಮ ಓದಿ.

ಸಂಬಳವಿರುವಾಗಿನ ನಾಲ್ಕು ತಿಂಗಳು

ವಾರಕ್ಕೆ 8ರಿಂದ 10 ಗಂಟೆ ಸಾಕು. ಡೇಟಾ ಕೆಲಸ ಆರಿಸಿಕೊಂಡವರಿಗೆ ಕ್ರಮ ಹೀಗೆ: ಮೊದಲ ತಿಂಗಳು ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟ್, ಪಿವಟ್ ಟೇಬಲ್ ಸಮೇತ, ಎರಡನೇ ತಿಂಗಳು ಪೂರ್ತಿ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ), ವಿಶೇಷವಾಗಿ ಜಾಯಿನ್ ಮತ್ತು ವಿಂಡೋ ಫಂಕ್ಷನ್, ಮೂರು ಮತ್ತು ನಾಲ್ಕನೇ ತಿಂಗಳು ಪೈಥಾನ್. ಹಾರ್ವರ್ಡ್‌ನ ಸಿಎಸ್50, ಫ್ರೀಕೋಡ್‌ಕ್ಯಾಂಪ್, ಎನ್‌ಪಿಟಿಇಎಲ್ ಪಾಠಗಳೆಲ್ಲ ಉಚಿತ. ಈ ನಾಲ್ಕು ತಿಂಗಳಲ್ಲಿ ವಾರಕ್ಕೆ ಐದು ಗಂಟೆಯೂ ಕೂರಲಾಗದಿದ್ದರೆ, ಬಿಡುವು ಸಿಕ್ಕಾಗ ದಿನಕ್ಕೆ ಎಂಟು ಗಂಟೆ ಕೂರುತ್ತೇನೆಂಬ ನಂಬಿಕೆಗೆ ಆಧಾರವಿಲ್ಲ. ರಾಜೀನಾಮೆಗೆ ಮುನ್ನ ನಿಮಗೆ ಸಿಗುವ ಅತ್ಯಂತ ಅಗ್ಗದ ಪರೀಕ್ಷೆ ಇದು.

ಲಕ್ಷಗಟ್ಟಲೆ ಶುಲ್ಕದ ಬೂಟ್‌ಕ್ಯಾಂಪ್‌ಗಳ (ಕೆಲವೇ ತಿಂಗಳ ಕೋಡಿಂಗ್ ತರಬೇತಿಗಳ) ಬಗ್ಗೆ ಎಚ್ಚರ. ‘ಕಂತಿನಲ್ಲಿ ಕಟ್ಟಿ’ ಎಂದರೆ ಎಷ್ಟೋ ಬಾರಿ ನಿಮ್ಮ ಹೆಸರಲ್ಲಿ ಹಣಕಾಸು ಸಂಸ್ಥೆಯೊಂದು ಸಾಲ ಕೊಟ್ಟಿದೆ ಎಂದರ್ಥ. ಪಾಠ ಅರ್ಧಕ್ಕೆ ನಿಂತರೂ ಕಂತು ನಿಲ್ಲುವುದಿಲ್ಲ, ತಪ್ಪಿದರೆ ನಿಮ್ಮ ಸಿಬಿಲ್ ಅಂಕ ಕುಸಿಯುತ್ತದೆ. ಸಹಿ ಹಾಕುವ ಮುನ್ನ ಎರಡು ಪ್ರಶ್ನೆ ಕೇಳಿ: ಸಾಲ ಕೊಡುವವರು ಯಾರು, ಎಷ್ಟು ದಿನದೊಳಗೆ ಬಿಟ್ಟರೆ ಎಷ್ಟು ಹಣ ವಾಪಸ್. ಉತ್ತರ ಬರಹದಲ್ಲಿ ಬೇಕು, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ತೋರಿಸುವ ಕೆಲಸ

ಬಿಡುವಿನ ಮೊದಲ ಎಂಟು ವಾರದಲ್ಲಿ ಎರಡು ಪ್ರಾಜೆಕ್ಟ್ ಮುಗಿಸಿ. ಟೈಟಾನಿಕ್ ಪ್ರಯಾಣಿಕರ ಪಟ್ಟಿ, ಐಪಿಎಲ್ ಅಂಕಿಅಂಶ ಬೇಡ. ಸಂದರ್ಶಕರು ಅವನ್ನು ನೋಡಿ ನೋಡಿ ಸುಸ್ತಾಗಿದ್ದಾರೆ. ನಿಮಗೆ ಗೊತ್ತಿರುವ ಲೋಕದ ಕೊಳಕು ಡೇಟಾ ಹಿಡಿಯಿರಿ. ಮಲೆನಾಡಿನ ಕಡೆಯವರು ರಾಜ್ಯದ ಕೃಷಿ ಮಾರಾಟವಾಹಿನಿ ಜಾಲತಾಣದಿಂದ ಶಿವಮೊಗ್ಗ, ಶಿರಸಿ ಮಾರುಕಟ್ಟೆಗಳ ಎರಡು ವರ್ಷದ ಅಡಿಕೆ ಧಾರಣೆ ತೆಗೆದುಕೊಳ್ಳಬಹುದು. ಒಂದು ಟೇಬಲ್: ದಿನಾಂಕ, ಮಾರುಕಟ್ಟೆ, ಅಡಿಕೆಯ ಬಗೆ, ಆವಕ (ಅಂದು ಬಂದ ಮಾಲು), ಕನಿಷ್ಠ, ಗರಿಷ್ಠ, ಮಾದರಿ ಬೆಲೆ (ಹೆಚ್ಚು ಮಾಲು ಮಾರಾಟವಾದ ಬೆಲೆ).

ತೊಂದರೆ ಶುರುವಾಗುವುದು ಇಲ್ಲೇ, ಕಲಿಕೆಯೂ ಇಲ್ಲೇ. ದಿನ ಮತ್ತು ತಿಂಗಳು ಅದಲುಬದಲಾಗಿ ಮಾರ್ಚ್ 4 ಏಪ್ರಿಲ್ 3 ಆಗುತ್ತದೆ; ಹನ್ನೆರಡರೊಳಗಿನ ದಿನಾಂಕಗಳಲ್ಲಿ ಮಾತ್ರ ಆಗುವುದರಿಂದ ಕಣ್ಣಿಗೆ ಬೀಳುವುದಿಲ್ಲ. ರಾಶಿ, ಬೆಟ್ಟೆ, ಗೊರಬಲು, ಚಾಲಿ ಇವನ್ನೆಲ್ಲ ಒಟ್ಟಿಗೆ ಸೇರಿಸಿ ‘ಅಡಿಕೆಯ ಸರಾಸರಿ ಬೆಲೆ’ ಎಂದರೆ ಆ ಸಂಖ್ಯೆಗೆ ಅರ್ಥವೇ ಇರದು. ಆವಕ ನೋಡದೆ ದಿನದ ಬೆಲೆಗಳ ಸರಾಸರಿ ತೆಗೆದರೆ, ನಾಲ್ಕು ಚೀಲ ಬಂದ ದಿನಕ್ಕೂ ನಾನೂರು ಚೀಲ ಬಂದ ದಿನಕ್ಕೂ ಒಂದೇ ತೂಕ ಸಿಗುತ್ತದೆ; ಆವಕದಿಂದ ಗುಣಿಸಿದ ಸರಾಸರಿ ಬೇಕು. ಮಾರುಕಟ್ಟೆ ರಜೆಯ ದಿನಗಳ ಖಾಲಿ ಜಾಗಕ್ಕೆ ಸೊನ್ನೆ ತುಂಬಿದರೆ ಬೆಲೆ ಪಾತಾಳಕ್ಕೆ ಬಿದ್ದಂತೆ ಗ್ರಾಫ್ ಬರುತ್ತದೆ. ಇವುಗಳಲ್ಲಿ ಯಾವುದನ್ನು ಹೇಗೆ ಸರಿಪಡಿಸಿದಿರಿ ಎಂದು ಒಂದು ಪುಟ ಬರೆದು, ಕೋಡ್ ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್‌ನಲ್ಲಿ ಕೋಡ್ ಜೊತೆ ಇಡಿ. ಸಂದರ್ಶನದಲ್ಲಿ ಅರ್ಧ ಗಂಟೆ ಮಾತಾಡಲು ಆ ಪುಟವೇ ಸಾಕು. ಬ್ಯಾಂಕ್ ಹಿನ್ನೆಲೆಯವರು ಇದೇ ರೀತಿ ಕಾಲ್ಪನಿಕ ಸಾಲಗಳ ಕಂತು ಬಾಕಿಯ ವಿಶ್ಲೇಷಣೆ ಮಾಡಬಹುದು. ಹಳೇ ಕಂಪನಿಯ ಗ್ರಾಹಕರ ನಿಜವಾದ ಡೇಟಾ ಮಾತ್ರ ಮುಟ್ಟಬೇಡಿ. ಅದು ಅಪರಾಧವೂ ಹೌದು, ನೋಡಿದ ಸಂದರ್ಶಕರು ನಿಮ್ಮನ್ನು ನಂಬುವುದೂ ಇಲ್ಲ.

ಅರ್ಜಿ, ಗ್ಯಾಪ್, ಇಂಗ್ಲಿಷ್

ಎರಡನೇ ಪ್ರಾಜೆಕ್ಟ್ ಮುಗಿಯಲೆಂದು ಕಾಯದೆ ಆರನೇ ವಾರದಿಂದಲೇ ಅರ್ಜಿ ಶುರುವಾಗಲಿ. ದಿನಕ್ಕೆ ನೂರು ಕಡೆ ಒತ್ತುವುದು ವ್ಯರ್ಥ. ವಾರಕ್ಕೆ ಹತ್ತು ಕಂಪನಿ, ಪ್ರತಿಯೊಂದಕ್ಕೂ ಬೇರೆಯಾಗಿ ತಿದ್ದಿದ ಒಂದು ಪುಟದ ರೆಸ್ಯೂಮೆ. ಲಿಂಕ್ಡ್‌ಇನ್, ವೆಲ್‌ಫೌಂಡ್, ಇನ್‌ಸ್ಟಾಹೈರ್, ಕಟ್‌ಶಾರ್ಟ್ ಎಂಬ ಉದ್ಯೋಗ ಜಾಲತಾಣಗಳನ್ನು ನೋಡಿ. ಮೂವತ್ತು ನಲವತ್ತು ಜನರ ಕಂಪನಿಯಾದರೆ ಸಂಸ್ಥಾಪಕರಿಗೇ ನೇರವಾಗಿ ಬರೆಯಬಹುದು. ಐದು ಸಾಲು ಮೀರಬಾರದು: ಅವರ ಆ್ಯಪ್ ಬಳಸಿ ಕಂಡುಕೊಂಡ ಒಂದು ನಿರ್ದಿಷ್ಟ ತೊಂದರೆ, ಅದಕ್ಕೆ ಸಂಬಂಧಪಟ್ಟ ನಿಮ್ಮ ಹಳೇ ಅನುಭವ, ಪ್ರಾಜೆಕ್ಟ್‌ನ ಕೊಂಡಿ, ಯಾವ ಕೆಲಸ ಬೇಕು, ತಕ್ಷಣ ಸೇರಬಲ್ಲೆ ಎಂಬ ಮಾತು. ಈ ಕೊನೆಯದು ಬಿಡುವಿನಲ್ಲಿರುವವರ ನಿಜವಾದ ಬಲ. ದೊಡ್ಡ ಐಟಿ ಕಂಪನಿಗಳಿಂದ ಬರುವವರಿಗೆ 60ರಿಂದ 90 ದಿನದ ನೋಟಿಸ್ ಇರುತ್ತದೆ, ಸ್ಟಾರ್ಟಪ್‌ಗೆ ಮುಂದಿನ ವಾರವೇ ಜನ ಬೇಕಿರುತ್ತಾರೆ.

ಜನರನ್ನು ಕಾಣಲು ಬೆಂಗಳೂರಿನಲ್ಲಿ ಬ್ಯಾಂಗ್‌ಪೈಪರ್ಸ್ (ಪೈಥಾನ್ ಬಳಕೆದಾರರು), ಫಾಸ್ ಯುನೈಟೆಡ್ (ಮುಕ್ತ ತಂತ್ರಾಂಶದವರು) ಥರದ ಗುಂಪುಗಳ ಭೇಟಿಗಳಿಗೆ ಹೋಗಿ. ಅಲ್ಲಿ ಕೆಲಸ ಕೇಳಬೇಡಿ, ನಿಮ್ಮ ಪ್ರಾಜೆಕ್ಟ್ ಬಗ್ಗೆ ಅಭಿಪ್ರಾಯ ಕೇಳಿ. ಕೆಲಸದ ಮಾತು ಎರಡನೇ ಮೂರನೇ ಭೇಟಿಗೆ ತಾನಾಗಿಯೇ ಬರುತ್ತದೆ. ಹುಬ್ಬಳ್ಳಿ ಸುತ್ತಮುತ್ತ ಇರುವವರಿಗೆ ದೇಶಪಾಂಡೆ ಸ್ಟಾರ್ಟಪ್ಸ್ ಕೇಂದ್ರ ಇದೆ, ಬೆಂಗಳೂರೇ ಆಗಬೇಕೆಂದಿಲ್ಲ.

ಕೆಲಸವಿಲ್ಲದೆ ಕಳೆದ ಗ್ಯಾಪ್ ಮುಚ್ಚಿಡಬೇಡಿ. ಲಿಂಕ್ಡ್‌ಇನ್‌ನಲ್ಲಿ ವೃತ್ತಿ ವಿರಾಮ ಎಂದೇ ನಮೂದಿಸಲು ಅವಕಾಶವಿದೆ. ತಿಂಗಳು, ವರ್ಷ, ಆ ಅವಧಿಯಲ್ಲಿ ಮಾಡಿದ್ದೇನು ಎಂಬ ಒಂದು ಸಾಲು ಸಾಕು. ಹಣ ಪಡೆದು ‘ಎರಡು ವರ್ಷದ ಅನುಭವ’ದ ಪತ್ರ ಮಾಡಿಕೊಡುವ ಕನ್ಸಲ್ಟೆನ್ಸಿಗಳು ಬೆಂಗಳೂರಿನಲ್ಲಿ ಧಾರಾಳವಾಗಿವೆ. ಪಿಎಫ್ ಸೇವಾ ಇತಿಹಾಸ, ಬ್ಯಾಂಕ್ ಸ್ಟೇಟ್‌ಮೆಂಟ್, ಟಿಡಿಎಸ್ ದಾಖಲೆ ಕೇಳಿದೊಡನೆ ಆ ಸುಳ್ಳು ಬಯಲಾಗುತ್ತದೆ, ಕೆಲಸಕ್ಕೆ ಸೇರಿ ಆರು ತಿಂಗಳಾದ ಮೇಲೂ ತೆಗೆದುಹಾಕುತ್ತಾರೆ. ಸೇರುವ ಮುಂಚೆ ಠೇವಣಿ ಕೇಳುವ ಕಂಪನಿ ಕಂಪನಿಯೇ ಅಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಂದರ್ಶನದ ಇಂಗ್ಲಿಷ್ ಅಳುಕು ಇದ್ದೇ ಇರುತ್ತದೆ. ಇಡೀ ಭಾಷೆ ಸುಧಾರಿಸಲು ಹೊರಡಬೇಡಿ, ಸಮಯವಿಲ್ಲ. ನಿಮ್ಮ ಎರಡು ಪ್ರಾಜೆಕ್ಟ್, ಹಳೇ ಕೆಲಸ, ಬಿಟ್ಟ ಕಾರಣ: ಈ ನಾಲ್ಕನ್ನು ತಲಾ ಮೂರು ನಿಮಿಷ ಮಾತಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿ, ಮತ್ತೆ ಮಾಡಿ. ಕಿರಾಣಿ ಅಂಗಡಿ, ರೈತರು, ಚಾಲಕರಿಗೆ ಸೇವೆ ಮಾರುವ ಕಂಪನಿಗಳಿಗೆ ಕನ್ನಡ, ತುಳು, ಉರ್ದು ಬಲ್ಲವರು ಬೇಕೇ ಬೇಕು. ಅದನ್ನು ರೆಸ್ಯೂಮೆಯ ಕೊನೆಗೆ ತಳ್ಳದೆ ಮೇಲೆಯೇ ಬರೆಯಿರಿ. ಮನೆಗೆ ಕೊಡುವ ಪರೀಕ್ಷಾ ಕೆಲಸ ಎಂಟು ಗಂಟೆ ಮೀರುವಂತಿದ್ದರೆ ಎಷ್ಟು ಮಾಡಬಲ್ಲಿರೆಂದು ಮೊದಲೇ ಹೇಳಿ.

ಆಫರ್ ಬಂದಾಗ

ಸಿಟಿಸಿಯ (ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚದ) ದೊಡ್ಡ ಅಂಕಿಗೆ ಮರುಳಾಗದೆ ತಿಂಗಳಿಗೆ ಕೈಗೆ ಬರುವುದೆಷ್ಟು ಎಂದು ಕೇಳಿ. ಇಸಾಪ್ (ನಿಗದಿತ ಬೆಲೆಗೆ ಮುಂದೆ ಕೊಳ್ಳಲು ನೌಕರರಿಗೆ ಕೊಡುವ ಹಕ್ಕು) ಷೇರುಗಳ ಮೌಲ್ಯವನ್ನು ಸಿಟಿಸಿಗೆ ಸೇರಿಸಿದ್ದರೆ ಕಳೆದು ನೋಡಿ. ಇಸಾಪ್ ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ನಿಮ್ಮದಾಗುತ್ತದೆ, ಮೊದಲ ವರ್ಷ ತುಂಬುವ ಮುನ್ನ ಬಿಟ್ಟರೆ ಏನೂ ಇಲ್ಲ. ಕಂಪನಿ ಬಿಟ್ಟ ಮೇಲೆ ಕೊಳ್ಳಲು ಎಷ್ಟು ದಿನ ಕೊಡುತ್ತಾರೆ ಕೇಳಿ. 90 ದಿನವಷ್ಟೇ ಇದ್ದರೆ ಷೇರಿನ ಬೆಲೆ ಜೊತೆಗೆ ತೆರಿಗೆಯನ್ನೂ ಅಷ್ಟರೊಳಗೆ ಹೊಂದಿಸಬೇಕು. ಮಾರಲಾಗದ ಷೇರಿಗೂ, ಕೊಂಡ ದಿನದ ಮೌಲ್ಯಕ್ಕೂ ನೀವು ಕೊಟ್ಟ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ಕೈಸಂಬಳ ಕಡಿಮೆ ಮಾಡಿ ಇಸಾಪ್ ಹೆಚ್ಚಿಸುತ್ತೇವೆ ಎಂದರೆ, ಮನೆ ಖರ್ಚಿನ 57,000 ಮತ್ತು ಬೆಂಗಳೂರಿನ ಹೆಚ್ಚುವರಿ ಬಾಡಿಗೆ ಮುಟ್ಟಿದ ಮೇಲಷ್ಟೇ ಆ ಮಾತು.

ಇನ್ನು ಎಷ್ಟು ತಿಂಗಳಿಗಾಗುವಷ್ಟು ಹಣ ಕಂಪನಿಯಲ್ಲಿದೆ ಎಂದು ಸಂಸ್ಥಾಪಕರನ್ನೇ ಕೇಳಿ. ಕೇಳುವುದು ಅಸಭ್ಯವಲ್ಲ, ಉತ್ತರ ತಪ್ಪಿಸಿಕೊಂಡರೆ ಅದೇ ಉತ್ತರ. ಹನ್ನೆರಡು ತಿಂಗಳಿಗಿಂತ ಕಡಿಮೆ ಇದ್ದರೆ ಮುಂದಿನ ಹೂಡಿಕೆ ಎಲ್ಲಿಗೆ ಬಂದಿದೆ ಎಂದೂ ಕೇಳಿ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ನಿರ್ದೇಶಕರ ವಿವರ ಉಚಿತವಾಗಿ ಸಿಗುತ್ತದೆ. 100 ರೂಪಾಯಿ ಕಟ್ಟಿದರೆ ಸಲ್ಲಿಸಿದ ಲೆಕ್ಕಪತ್ರವನ್ನೇ ನೋಡಬಹುದು. ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಕಂಪನಿಗೆ ಪಿಎಫ್ ಕಡ್ಡಾಯವಲ್ಲ, ಅದನ್ನೂ ಕೇಳಿಕೊಳ್ಳಿ.

ಆಫರ್ ಬರದಿದ್ದರೆ? ಮೊದಲ ದಿನವೇ ಎರಡು ಗಡಿ ಬರೆದಿಡಿ. ಮೂರನೇ ತಿಂಗಳ ಕೊನೆಗೆ ಒಂದೂ ಸಂದರ್ಶನದ ಕರೆ ಬಾರದಿದ್ದರೆ ತೊಂದರೆ ರೆಸ್ಯೂಮೆಯಲ್ಲಿದೆ ಅಥವಾ ಆರಿಸಿದ ಕೆಲಸದಲ್ಲಿದೆ. ಕರೆ ಬಂದು ಮೊದಲ ಸುತ್ತಿನಲ್ಲೇ ಬೀಳುತ್ತಿದ್ದರೆ ಕೌಶಲದಲ್ಲಿದೆ. ಕೊನೆಯ ಸುತ್ತಿನವರೆಗೆ ಹೋಗಿ ಬೀಳುತ್ತಿದ್ದರೆ ಸಂಬಳದ ನಿರೀಕ್ಷೆಯನ್ನೋ ಮಾತಿನ ರೀತಿಯನ್ನೋ ನೋಡಿಕೊಳ್ಳಿ, ದಾರಿ ಬದಲಿಸಬೇಡಿ. ಆರನೇ ತಿಂಗಳ ಕೊನೆಗೆ ಆಫರ್ ಇಲ್ಲದಿದ್ದರೆ ಹಳೇ ಕ್ಷೇತ್ರದಲ್ಲೂ ಅರ್ಜಿ ಹಾಕಲು ಶುರು ಮಾಡಿ, ಅಲ್ಲಿನ ಡೇಟಾ ಅಥವಾ ಡಿಜಿಟಲ್ ವಿಭಾಗಗಳಿಗೆ. ಮೂರು ತಿಂಗಳ ಖರ್ಚು ಕೈಯಲ್ಲಿರುವಾಗ ಹುಡುಕುವವರಿಗೂ ಮೂರು ವಾರದ್ದು ಇರುವಾಗ ಹುಡುಕುವವರಿಗೂ ಸಿಗುವ ಸಂಬಳದಲ್ಲಿ ವ್ಯತ್ಯಾಸವಿರುತ್ತದೆ.

ಸೇರಿದ ವಾರ ಒಂದು ಕಾಗದದ ಕೆಲಸ ಬಾಕಿ. ಅದೇ ಆರ್ಥಿಕ ವರ್ಷದಲ್ಲಿ ಹಳೇ ಕಂಪನಿಯಿಂದ ಪಡೆದ ಸಂಬಳ, ಕಡಿತವಾದ ಟಿಡಿಎಸ್ ವಿವರವನ್ನು ಹೊಸ ಕಂಪನಿಗೆ ಕೊಡಿ. ಕೊಡದಿದ್ದರೆ ಇಬ್ಬರೂ 75,000ದ ಸ್ಟಾಂಡರ್ಡ್ ಡಿಡಕ್ಷನ್ (ಸಂಬಳದಲ್ಲಿ ತೆರಿಗೆಯಿಲ್ಲದ ಭಾಗ) ಕಳೆದು, ನಿಮ್ಮ ಆದಾಯ ಕಡಿಮೆಯೆಂದೇ ಲೆಕ್ಕ ಹಾಕುತ್ತಾರೆ. ಉಳಿದ ತೆರಿಗೆಯನ್ನು ಜುಲೈನಲ್ಲಿ ರಿಟರ್ನ್ಸ್ ಸಲ್ಲಿಸುವಾಗ ಬಡ್ಡಿ ಸಮೇತ ನೀವೇ ಕಟ್ಟಬೇಕಾಗುತ್ತದೆ.